ಅಜ್ಜನ ಪೆಟ್ಟಿಗೆಯಲ್ಲಿದ್ದ ಹಿತ್ತಾಳೆಯ ‘ದುರ್ಬೀನು’

ಪ್ರಶ್ನೆ: ನಮ್ಮ ಅಜ್ಜ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದರು. ಅಟ್ಟದಲ್ಲಿ ಸಿಕ್ಕ ಅವರ ಮರದ ಪೆಟ್ಟಿಗೆಯಲ್ಲಿ, ಮಲಗಿದ ಒಂದು ಹಾಗೂ ನಿಂತ ಒಂದು ಚಕ್ರವಿರುವ, ಪೂರ್ತಿ ಮಗುಚಿ ತಿರುಗುವ ದುರ್ಬೀನೊಂದಿದೆ. ಮೇಲೆ ‘ಕುಕ್, ಟ್ರೌಟನ್ ಅಂಡ್ ಸಿಮ್ಸ್’ ಎಂದು ಕೆತ್ತಿದೆ. ಇದೇನು? ಆಯುಧಪೂಜೆಗೆ ಹುಣಸೆಹಣ್ಣಿನಿಂದ ಉಜ್ಜಿ ಬೆಳಗಬಹುದೇ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ದಯವಿಟ್ಟು ಉಜ್ಜಬೇಡಿ. ನಿಮ್ಮಲ್ಲಿರುವುದು ಟ್ರಾನ್ಸಿಟ್ ಥಿಯೊಡೊಲೈಟ್, ಅಂದರೆ ಭೂಮಾಪನದಲ್ಲಿ ಕೋನಗಳನ್ನು ಅಳೆಯುವ ಉಪಕರಣ. ನೆಲದ ಏರುತಗ್ಗು ನೋಡುವ ಡಂಪಿ ಲೆವೆಲ್‌ನಲ್ಲಿ ನಿಂತ ಚಕ್ರ ಇರುವುದಿಲ್ಲ, ದುರ್ಬೀನು ಮಗುಚುವುದೂ ಇಲ್ಲ. ಹೀಗೆ ಮಗುಚುವುದರಿಂದ ಒಂದೇ ಕೋನವನ್ನು ಎಡಮುಖ, ಬಲಮುಖ ಎಂದು ಎರಡು ಬಾರಿ ಅಳೆದು, ಸರಾಸರಿ ತೆಗೆದು, ಉಪಕರಣದಲ್ಲೇ ಇರುವ ಹಲವು ದೋಷಗಳನ್ನು ಕಳೆಯಬಹುದು. ಕುಕ್ ಮತ್ತು ಟ್ರೌಟನ್ ಕಂಪನಿಗಳು ಒಂದಾದದ್ದು 1922ರಲ್ಲಿ; ಆದ್ದರಿಂದ ನಿಮ್ಮದು ಅದಕ್ಕಿಂತ ಹಳೆಯದಲ್ಲ.

ತ್ರಿಕೋನದ ಒಂದು ಭುಜವನ್ನು ಸರಪಳಿಯಿಂದ ಅಳೆದು, ಅದರ ಎರಡು ತುದಿಗಳಲ್ಲಿ ಕೋನಗಳನ್ನು ಓದಿದರೆ, ಉಳಿದೆರಡು ಭುಜಗಳ ಉದ್ದ ಲೆಕ್ಕದಲ್ಲೇ ದೊರೆಯುತ್ತದೆ. ಇದೇ ಕ್ರಮದಲ್ಲಿ ದೇಶವನ್ನೇ ಅಳೆಯಲು ಹೊರಟ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ನಮ್ಮ ಬೆಂಗಳೂರಿನ ಬಳಿಯೇ ಒಂದು ಆಧಾರರೇಖೆಯನ್ನು, ಅಂದರೆ ತ್ರಿಕೋನದ ಆ ಮೊದಲ ಭುಜವನ್ನು, ಅಳೆದಿದ್ದರು ಎಂಬುದು ಇಲ್ಲಿನವರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ. ಆಮೇಲೆ ಅವರಿಗೆ ಬಂದ ದೊಡ್ಡ ಥಿಯೊಡೊಲೈಟ್‌ನ ಚಕ್ರ 36 ಅಂಗುಲ ಅಗಲವಿತ್ತು, ಒಟ್ಟು ತೂಕ ಸುಮಾರು ಅರ್ಧ ಟನ್. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಅದು ಗೋಡೆಗೆ ಬಡಿದು ಚಕ್ರ ಸೊಟ್ಟಗಾಯಿತು. ಲ್ಯಾಂಬ್ಟನ್ ವಾರಗಟ್ಟಲೆ ಕುಳಿತು ತಾವೇ ಅದನ್ನು ಸರಿಪಡಿಸಿದರು. ಚಕ್ರದ ಮೇಲಿನ ಗೆರೆಗಳ ಬೆಲೆ ಅಂಥದ್ದು.

ನಿಮ್ಮ ಉಪಕರಣದ ಜೀವವೂ ಆ ಗೆರೆಗಳಲ್ಲೇ ಇದೆ. ಅವನ್ನು ಸಾಮಾನ್ಯವಾಗಿ ತೆಳುವಾದ ಬೆಳ್ಳಿಯ ಪಟ್ಟಿಯ ಮೇಲೆ ಕೊರೆದಿರುತ್ತಾರೆ, ಪಕ್ಕದ ವರ್ನಿಯರ್ ಎಂಬ ಕಿರು ಅಳತೆಪಟ್ಟಿಯಿಂದ ಅನೇಕ ಮಾದರಿಗಳಲ್ಲಿ 20 ಸೆಕೆಂಡಿನವರೆಗೆ, ಎಂದರೆ ಒಂದು ಡಿಗ್ರಿಯ 180ನೇ ಒಂದು ಪಾಲಿನವರೆಗೆ, ಓದಬಹುದು. ಹುಣಸೆಹಣ್ಣಾಗಲಿ, ಹಿತ್ತಾಳೆ ಪಾಲಿಶ್ ಆಗಲಿ ಈ ಗೆರೆಗಳನ್ನು ಸವೆಸುತ್ತದೆ, ಲೋಹದ ಮೇಲಿನ ಮೂಲ ಲೇಪವನ್ನೂ ಕಿತ್ತುಹಾಕುತ್ತದೆ. ಒಮ್ಮೆ ಹೋದರೆ ಅವು ಮರಳಿ ಬರುವುದಿಲ್ಲ. ಮೆದುವಾದ ಬ್ರಷ್‌ನಿಂದ ಧೂಳು ತೆಗೆದು, ಒಣಗಿದ ಹತ್ತಿ ಬಟ್ಟೆಯಿಂದ ಒರೆಸಿದರೆ ಸಾಕು. ಬಿಗಿದ ತಿರುಪುಗಳನ್ನು ಬಲವಂತದಿಂದ ತಿರುಗಿಸಬೇಡಿ. ಕಣ್ಣಿಡುವ ತುದಿಯನ್ನೂ ಬಿಚ್ಚಬೇಡಿ, ಏಕೆಂದರೆ ಒಳಗೆ ಕಾಣುವ ಅಡ್ಡ-ಉದ್ದದ ಗೆರೆಗಳು ಹಳೆಯ ಉಪಕರಣಗಳಲ್ಲಿ ಎಷ್ಟೋ ಸಲ ನಿಜವಾದ ಜೇಡರ ಎಳೆಗಳೇ ಆಗಿರುತ್ತವೆ. ಪೆಟ್ಟಿಗೆಯಿಂದ ಎತ್ತುವಾಗ ದುರ್ಬೀನನ್ನು ಹಿಡಿಯದೆ ತಳಕ್ಕೆ ಕೈಕೊಡಿ.

ಪೂಜೆಯನ್ನು ಖಂಡಿತ ಮಾಡಿ, ಅಜ್ಜನವರೂ ಮಾಡುತ್ತಿದ್ದಿರಬೇಕು. ಅರಿಸಿನ, ಕುಂಕುಮ, ಗಂಧವನ್ನು ಮಾತ್ರ ಮರದ ಪೆಟ್ಟಿಗೆಗೆ ಹಚ್ಚಿ.