ಟವರ್ ಇಲ್ಲದ ಕಡೆ ಇಳಿಯಲು ಯಾರನ್ನು ಕೇಳಬೇಕು?

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದೇನೆ. ಇದುವರೆಗೆ ಟವರ್ (ಇಳಿಯಲು, ಏರಲು ಒಪ್ಪಿಗೆ ಕೊಡುವ ನಿಯಂತ್ರಣ ಕೇಂದ್ರ) ಇರುವ ಏರ್‌ಪೋರ್ಟ್‌ನಲ್ಲೇ ಕಲಿತದ್ದು. ಮುಂದಿನ ವಾರ ವಾಟ್ಸನ್‌ವಿಲ್‌ಗೆ ಒಬ್ಬನೇ ಹೋಗಬೇಕು. ಅಲ್ಲಿ ಟವರ್ ಇಲ್ಲ. ಇಳಿಯಲು ಯಾರನ್ನು ಕೇಳಲಿ? ರೇಡಿಯೋದಲ್ಲಿ ಏನು ಹೇಳಲಿ?

ಉತ್ತರ: ಯಾರನ್ನೂ ಕೇಳಬೇಕಿಲ್ಲ, ಕೇಳಿದರೂ ಒಪ್ಪಿಗೆ ಕೊಡುವವರು ಅಲ್ಲಿಲ್ಲ. ಎಲ್ಲರೂ ಒಂದೇ ಫ್ರೀಕ್ವೆನ್ಸಿಯಲ್ಲಿ, ಅಂದರೆ ಸಿಟಿಎಎಫ್‌ನಲ್ಲಿ, ತಾವೆಲ್ಲಿದ್ದೇವೆ, ಏನು ಮಾಡಲಿದ್ದೇವೆ ಅಂತ ಹೇಳಿಕೊಳ್ಳುತ್ತಾರೆ. ಅಷ್ಟೇ.

ಸುಮಾರು 10 ಮೈಲಿ ಇರುವಾಗ ಮೊದಲ ಮಾತು. ಅದಕ್ಕೂ ಮೊದಲೇ ಕಿವಿಗೊಡಿ. ಯಾವ ರನ್‌ವೇ ಬಳಸುತ್ತಿದ್ದಾರೆ ಅಂತ ಅರ್ಧ ವಿಷಯ ಹಾಗೇ ಗೊತ್ತಾಗುತ್ತದೆ. ಆಮೇಲೆ ಹೀಗೆ: ‘ವಾಟ್ಸನ್‌ವಿಲ್ ಟ್ರಾಫಿಕ್, ಸೆಸ್ನಾ (ನಿಮ್ಮ ನಂಬರ್), ಟೆನ್ ಮೈಲ್ಸ್ ಸೌತ್, ಟೂ ಥೌಸಂಡ್ ಫೈವ್ ಹಂಡ್ರೆಡ್ (ಅಡಿಗಳಲ್ಲಿ ನಿಮ್ಮ ಎತ್ತರ), ಇನ್‌ಬೌಂಡ್ ಫಾರ್ ಲ್ಯಾಂಡಿಂಗ್, ವಾಟ್ಸನ್‌ವಿಲ್.’ ಊರಿನ ಹೆಸರು ಎರಡು ಸಲ ಯಾಕೆ? ಒಂದೇ ಫ್ರೀಕ್ವೆನ್ಸಿಯನ್ನು ಎಷ್ಟೋ ಏರ್‌ಫೀಲ್ಡ್‌ಗಳು ಹಂಚಿಕೊಂಡಿರುತ್ತವೆ. ಬಟನ್ ಒತ್ತುವ ಮೊದಲೇ ಬಾಯಿ ಬಿಟ್ಟರೆ ಮೊದಲ ಪದ ನುಂಗಿಹೋಗುತ್ತದೆ, ಕೊನೆಯದು ಉಳಿಯುತ್ತದೆ.

‘ಎನಿ ಟ್ರಾಫಿಕ್ ಇನ್ ದ ಏರಿಯಾ, ಪ್ಲೀಸ್ ಅಡ್ವೈಸ್’ ಅಂತ ಕೇಳುವ ಚಟ ಬೇಡ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಕೂಡ ಬೇಡ ಅನ್ನುತ್ತದೆ. ಎಲ್ಲರೂ ಒಟ್ಟಿಗೆ ಉತ್ತರ ಕೊಟ್ಟರೆ ಬರೀ ಕೀರಲು ಸದ್ದು.

ಆದರೆ ಮಾತಾಡಿದರೆ ಸಾಲದು. ನೀವು ಹೋಗುತ್ತಿರುವ ವಾಟ್ಸನ್‌ವಿಲ್‌ನಲ್ಲೇ 2022ರ ಆಗಸ್ಟ್ 18ರಂದು ಎರಡು ವಿಮಾನ ಡಿಕ್ಕಿಯಾಗಿ ಮೂವರು ಸತ್ತರು. ಒಂದು ಪುಟ್ಟ ಸೆಸ್ನಾ 152, ಲ್ಯಾಂಡಿಂಗ್ ಅಭ್ಯಾಸದಲ್ಲಿತ್ತು. ಇನ್ನೊಂದು ಎರಡು ಎಂಜಿನ್‌ನ ಸೆಸ್ನಾ 340, ದೂರದಿಂದ ನೇರವಾಗಿ ಅದೇ ರನ್‌ವೇಗೆ ಜೋರಾಗಿ ಬರುತ್ತಿತ್ತು. ಇಬ್ಬರೂ ರೇಡಿಯೋದಲ್ಲಿ ಮಾತಾಡುತ್ತಲೇ ಇದ್ದರು!

ಹಾಗಾಗಿ ಯಾರಾದರೂ ‘ತ್ರೀ ಮೈಲ್ ಫೈನಲ್’ (ರನ್‌ವೇಗೆ ನೇರವಾಗಿ, ಇನ್ನು ಮೂರು ಮೈಲಿ ದೂರದಲ್ಲಿದ್ದೇನೆ) ಅಂತ ಹೇಳಿದರೆ ಅದು ಯಾವ ವಿಮಾನ ಅಂತಲೂ ಗಮನಿಸಿ. 60 ನಾಟ್ (ಗಂಟೆಗೆ 60 ನಾಟಿಕಲ್ ಮೈಲಿ) ವೇಗದಲ್ಲಿ 3 ನಾಟಿಕಲ್ ಮೈಲಿಗೆ 3 ನಿಮಿಷ. 180 ನಾಟ್‌ನಲ್ಲಿ ಒಂದೇ ನಿಮಿಷ. ಅನುಮಾನ ಬಂತೋ, ವೇಗ ಎಷ್ಟು ಅಂತ ಕೇಳಿ, ಡೌನ್‌ವಿಂಡ್ (ಇಳಿಯಲು ತಿರುಗುವ ಮೊದಲು ರನ್‌ವೇ ಪಕ್ಕದಲ್ಲಿ ವಿರುದ್ಧ ದಿಕ್ಕಿಗೆ ಹಾರುವ ಹಾದಿ) ಉದ್ದ ಮಾಡಿ, ಅವರು ಮೊದಲು ಇಳಿಯಲಿ. ಇದರಲ್ಲಿ ನಾಚಿಕೆ ಏನಿಲ್ಲ.

ಇನ್ನೊಂದು, ಇಂಥ ಬಹಳಷ್ಟು ಏರ್‌ಫೀಲ್ಡ್‌ಗಳಲ್ಲಿ ರೇಡಿಯೋ ಕಡ್ಡಾಯವಲ್ಲ. ರೇಡಿಯೋನೇ ಇಲ್ಲದ ಪೈಪರ್ ಕಬ್‌ನಂಥ ಹಳೇ ಪುಟ್ಟ ವಿಮಾನ ಸುಮ್ನೆ ಬಂದು ಇಳಿಯಬಹುದು. ಫ್ರೀಕ್ವೆನ್ಸಿ ತೀರಾ ಮೌನವಾಗಿದ್ದರೆ ಮೊದಲು ನಂಬರ್ ಸರಿ ಇದೆಯಾ, ವಾಲ್ಯೂಮ್ ಇದೆಯಾ ನೋಡಿ. ಆಮೇಲೆ ಕಿಟಕಿಯಾಚೆ ನೋಡುತ್ತಿರಿ.