ಚೌಕದ ನೆನಪು, ರಸ್ತೆಯ ಸಾವು

ಪ್ರಶ್ನೆ: 1989ರ ಬೀಜಿಂಗ್ ಪ್ರಜಾಪ್ರಭುತ್ವ ಚಳವಳಿಯ ಮುಂಚೂಣಿಯಲ್ಲಿದ್ದ ವಿದ್ಯಾರ್ಥಿ ನಾಯಕರೊಬ್ಬರ ಆತ್ಮಕಥನವನ್ನು ಈಚೆಗೆ ಓದಿದೆ. ಮನಸ್ಸು ಕಲಕಿತು. ಆದರೆ ಜೂನ್ 3ರ ರಾತ್ರಿ ತಿಯಾನನ್‌ಮೆನ್ ಚೌಕದಲ್ಲಿ ನಡೆದದ್ದರ ಬಗ್ಗೆ ಅಲ್ಲಿದ್ದ ಬೇರೆಯವರ ಮಾತು ಇದಕ್ಕೆ ಹೊಂದುವುದಿಲ್ಲ. ಇಂಥ ಪುಸ್ತಕವನ್ನು ಇತಿಹಾಸವೆಂದು ಓದಬಹುದೇ?
— ಇತಿಹಾಸದ ಸ್ನಾತಕೋತ್ತರ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಓದಲೇಬೇಕು. ಆದರೆ ಬರೆದವರು ಕಣ್ಣಾರೆ ಕಂಡದ್ದು ಯಾವುದು, ಇತರರಿಂದ ಕೇಳಿ ನಂಬಿದ್ದು ಯಾವುದು ಎಂದು ಪುಟಪುಟಕ್ಕೂ ಬೇರ್ಪಡಿಸಿಕೊಂಡು ಓದಬೇಕು. ಆ ರಾತ್ರಿ ಹುತಾತ್ಮರ ಸ್ತಂಭದ ಸುತ್ತ ಉಳಿದಿದ್ದ ವಿದ್ಯಾರ್ಥಿಗಳ ಪರವಾಗಿ ಗಾಯಕ ಹೌ ಡೆಜಿಯಾನ್ ಮತ್ತು ವಿದ್ವಾಂಸ ಝೌ ದುವೊ ಸೈನ್ಯದೊಡನೆ ಮಾತುಕತೆ ನಡೆಸಿದರು. ಜೂನ್ 4ರ ನಸುಕಿನಲ್ಲಿ ವಿದ್ಯಾರ್ಥಿಗಳು ಸಾಲಾಗಿ ಹೊರನಡೆದರು. ಚೌಕದೊಳಗೆ ಯಾರೂ ಸತ್ತದ್ದನ್ನು ತಾನು ಕಾಣಲಿಲ್ಲವೆಂದು ಹೌ ನಂತರ ಹೇಳಿದರೆ, ತಲೆಮರೆಸಿಕೊಂಡ ಕೆಲವು ನಾಯಕರು ಅಲ್ಲಿಯೇ ನೂರಾರು ಮಂದಿ ಬಿದ್ದರೆಂದು ಸಾರಿದರು. ಸ್ನೇಹಿತರು ಎಲ್ಲಿದ್ದಾರೆಂದೇ ತಿಳಿಯದೆ ಊರಿಂದೂರಿಗೆ ಓಡುತ್ತಿದ್ದ ಇಪ್ಪತ್ತರ ಹರೆಯದವರಿಗೆ ಕಿವಿಗೆ ಬಿದ್ದದ್ದೆಲ್ಲ ಕಂಡದ್ದಾಗಿ ಬೆರೆತುಹೋಗುವುದು ಸಹಜ. ಅದನ್ನು ಸುಳ್ಳೆಂದು ಕರೆಯಲು ನನಗೆ ಮನಸ್ಸು ಬಾರದು.

ಈ ವ್ಯತ್ಯಾಸವನ್ನೇ ಹಿಡಿದು ಹತ್ಯಾಕಾಂಡವೇ ನಡೆಯಲಿಲ್ಲವೆಂದು ವಾದಿಸುವವರಿದ್ದಾರೆ. ಅದು ಸತ್ತವರಿಗೆ ಮಾಡುವ ಘೋರ ಅನ್ಯಾಯ. ಸೈನ್ಯ ಗುಂಡು ಹಾರಿಸಿ ಹೆಚ್ಚು ಜನರನ್ನು ಕೊಂದದ್ದು ಚೌಕಕ್ಕೆ ಬರುವ ದಾರಿಗಳಲ್ಲಿ, ಅದರಲ್ಲೂ ಪಶ್ಚಿಮದ ಮುಶಿದಿಯ ಸುತ್ತಮುತ್ತ. ಚೌಕ ಬಿಟ್ಟು ಹಿಂದಿರುಗುತ್ತಿದ್ದ ವಿದ್ಯಾರ್ಥಿಗಳ ಮೇಲೂ ಲ್ಯುಬುಕೌ ಎಂಬಲ್ಲಿ ಟ್ಯಾಂಕ್ ಹರಿಯಿತು. ಅಲ್ಲಿ ಕ್ರೀಡಾ ವಿದ್ಯಾರ್ಥಿ ಫಾಂಗ್ ಝೆಂಗ್ ಎರಡೂ ಕಾಲುಗಳನ್ನು ಕಳೆದುಕೊಂಡರು. ರಸ್ತೆಗಳಲ್ಲಿ ಸೈನ್ಯವನ್ನು ತಡೆದು ನಿಂತು ಮಡಿದವರಲ್ಲಿ ಕಾರ್ಮಿಕರು, ಬಡಾವಣೆಯ ನಿವಾಸಿಗಳು ಬಹಳ. ಆಮೇಲೆ ಕಠಿಣ ಶಿಕ್ಷೆ, ಮರಣದಂಡನೆಯೂ ಸೇರಿದಂತೆ, ಹೆಚ್ಚಾಗಿ ಬಿದ್ದದ್ದೂ ಕಾರ್ಮಿಕರ ಮೇಲೆಯೇ. ವಿದ್ಯಾರ್ಥಿ ನಾಯಕರ ಆತ್ಮಕಥನಗಳಲ್ಲಿ ಈ ಜನ ತೀರ ಹಿನ್ನೆಲೆಗೆ ಸರಿಯುತ್ತಾರೆ. ಆ ರಾತ್ರಿಯ ಅಂಕಿಗಳ ಗೊಂದಲಕ್ಕಿಂತ ಇದೇ ದೊಡ್ಡ ಕೊರತೆಯೆಂದು ನನಗೆ ಅನ್ನಿಸುತ್ತದೆ. ಚಳವಳಿಯೊಳಗಿನ ಸಭೆ, ಭಿನ್ನಮತ, ಉಪವಾಸದ ದಿನಗಳ ದಣಿವನ್ನು ತಿಳಿಯಲು ಮಾತ್ರ ನೀವು ಓದಿದಂಥ ಪುಸ್ತಕಕ್ಕಿಂತ ಒಳ್ಳೆಯ ಆಧಾರ ಸಿಗದು.

ನಮ್ಮ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ 1924ರ ಕಾಂಗ್ರೆಸ್ ಅಧಿವೇಶನದ ಬಗ್ಗೆ ಹಿರಿಯರೊಬ್ಬರು ಬರೆದದ್ದನ್ನು ಪರೀಕ್ಷಿಸಬೇಕೆಂದರೆ ಟಿಳಕವಾಡಿಯ ಕಾಂಗ್ರೆಸ್ ಬಾವಿ ಇದೆ, ಅಧಿವೇಶನದ ಸ್ಮಾರಕವಾದ ವೀರಸೌಧವಿದೆ, ಅಂದಿನ ಪತ್ರಿಕೆಗಳಿವೆ. ಬೀಜಿಂಗಿನಲ್ಲಿ ಜೂನ್ 4ರ ಸ್ಮಾರಕವಿಲ್ಲ, ಬಹಿರಂಗವಾಗಿ ಸ್ಮರಿಸಲೂ ಬಿಡುವುದಿಲ್ಲ. ಹಾಂಗ್‌ಕಾಂಗ್‌ನ ವಿಕ್ಟೋರಿಯಾ ಪಾರ್ಕಿನಲ್ಲಿ ವರ್ಷವರ್ಷವೂ ನಡೆಯುತ್ತಿದ್ದ ದೀಪಸ್ಮರಣೆಗೂ 2020ರಲ್ಲಿ ನಿಷೇಧ ಬಿತ್ತು. ಹೀಗಾಗಿ ಒಂದು ಪುಸ್ತಕವನ್ನು ಇನ್ನೊಂದರ ಪಕ್ಕದಲ್ಲಿಟ್ಟು ಓದುವುದೇ ಉಳಿದ ದಾರಿ. ಜೊತೆಗೆ, 17 ವರ್ಷದ ಮಗನನ್ನು ಆ ರಾತ್ರಿ ಕಳೆದುಕೊಂಡ ಡಿಂಗ್ ಝಿಲಿನ್ ಮತ್ತು ಅವರೊಡನೆ ಸೇರಿದ 'ತಿಯಾನನ್‌ಮೆನ್ ತಾಯಂದಿರು' ಪೊಲೀಸರ ಕಾವಲಿನ ನಡುವೆಯೂ ಮನೆಮನೆಗೆ ಹೋಗಿ ಸಂಗ್ರಹಿಸಿದ 200ಕ್ಕೂ ಹೆಚ್ಚು ಮೃತರ ಪಟ್ಟಿಯನ್ನು ತಪ್ಪದೆ ನೋಡಿ. ಯಾರು, ಎಲ್ಲಿ, ಹೇಗೆ ಸತ್ತರೆಂಬುದು ಅದರಲ್ಲಿದೆ.

ಪ್ರಶ್ನೆ: ಆ ವಿದ್ಯಾರ್ಥಿಗಳು ಸರ್ಕಾರವನ್ನೇ ಉರುಳಿಸಲು ಹೊರಟಿದ್ದರೇ?
— ಓದುಗರು, ಜಮಖಂಡಿ

ಉತ್ತರ: ಇಲ್ಲ. ಏಪ್ರಿಲ್ 15ರಂದು ತೀರಿಕೊಂಡ, ಹಿಂದೆ ಅಧಿಕಾರದಿಂದ ಇಳಿಸಲ್ಪಟ್ಟಿದ್ದ ಕಮ್ಯುನಿಸ್ಟ್ ಪಕ್ಷದ ಸುಧಾರಣಾವಾದಿ ನಾಯಕ ಹು ಯಾವೊಬಾಂಗ್ ಅವರ ಪುನರ್ಮೌಲ್ಯಮಾಪನ, ಪತ್ರಿಕಾ ಸ್ವಾತಂತ್ರ್ಯ, ನಾಯಕರ ಆದಾಯದ ಬಹಿರಂಗ, ಶಿಕ್ಷಣಕ್ಕೆ ಹೆಚ್ಚಿನ ಹಣ — ಮೊದಲ ಬೇಡಿಕೆಗಳು ಇಂಥವು. ಏಪ್ರಿಲ್ 22ರಂದು ಮೂವರು ವಿದ್ಯಾರ್ಥಿಗಳು ಮಹಾಸಭಾಭವನದ ಮೆಟ್ಟಿಲ ಮೇಲೆ ಮಂಡಿಯೂರಿ ಮನವಿಪತ್ರವನ್ನು ಎತ್ತಿ ಹಿಡಿದರೂ ಸ್ವೀಕರಿಸಲು ಯಾವ ನಾಯಕರೂ ಹೊರಬರಲಿಲ್ಲ. ಏಪ್ರಿಲ್ 26ರಂದು ಪಕ್ಷದ ಪತ್ರಿಕೆ ತನ್ನ ಸಂಪಾದಕೀಯದಲ್ಲಿ ಚಳವಳಿಯನ್ನು ದೊಂಬಿಯೆಂದು ಜರೆಯಿತು. ಮೇ 13ರಂದು ಉಪವಾಸ ಕುಳಿತಾಗ ಅವರು ಕೇಳಿದ್ದು ಎರಡೇ: ನಮ್ಮೊಡನೆ ಸಮಾನರಂತೆ ಮಾತನಾಡಿ, ಆ ಸಂಪಾದಕೀಯದ ಆರೋಪವನ್ನು ಹಿಂತೆಗೆದುಕೊಳ್ಳಿ. ಪ್ರಧಾನಿ ಲಿ ಪೆಂಗ್ ಮೇ 18ರಂದು ವಿದ್ಯಾರ್ಥಿ ಪ್ರತಿನಿಧಿಗಳನ್ನು ಭೇಟಿಯಾದರೂ ಯಾವುದಕ್ಕೂ ಒಪ್ಪಲಿಲ್ಲ. ಮೇ 20ರಂದು ಬೀಜಿಂಗಿನಲ್ಲಿ ಸೈನಿಕ ಕಾನೂನು ಜಾರಿಗೆ ಬಂತು.