ಪ್ರೋಟೀನಿನ ಚಾರ್ಜ್ ಲೆಕ್ಕಕ್ಕೆ ಪಿಕೆಎ ಪಟ್ಟಿ ಬಾಯಿಪಾಠ ಮಾಡಲೇಬೇಕಾ?

ಪಟ್ಟಿ ಬಾಯಿಪಾಠ ಮಾಡಬೇಕಾ, ಸೂತ್ರ ಸಾಕಾ ಅಂತ ಕೇಳಿದ್ದೀರಿ. ಪಿಕೆಎ ಅಂದರೆ ಅಣುವಿನ ಒಂದು ಗುಂಪು ಪ್ರೋಟಾನ್ (ಹೈಡ್ರೋಜನ್ ಅಯಾನು) ಹಿಡಿಯುವುದೂ ಬಿಡುವುದೂ ಸರಿಸಮವಾಗುವ ಪಿಎಚ್. ಪಿಎಚ್ ಅಂದರೆ ಆಮ್ಲತೆಯ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಜಾಸ್ತಿ. ಆ ಪಟ್ಟಿ ನನಗೆ ನಿದ್ದೆಯಲ್ಲಿ ಎಬ್ಬಿಸಿದರೂ ಬರುತ್ತಿತ್ತು. ಬಳ್ಳಾರಿಯಲ್ಲಿ ಎಂ.ಎಸ್ಸಿ. ಮಾಡುತ್ತಿದ್ದ ಕಾಲ. ಆದರೂ ಒಂದು ವಾರದ ಕೆಲಸ ಚರಂಡಿಗೆ ಹೋಯಿತು.

ಪ್ರಾಜೆಕ್ಟ್‌ಗೆ ಎಮ್ಮೆ ಹಾಲಿನಿಂದ ಕೇಸಿನ್ ಎಂಬ ಪ್ರೋಟೀನ್ ತೆಗೆಯಬೇಕಿತ್ತು. ಸಿರುಗುಪ್ಪದಿಂದ ಅವ್ವ ಬಸ್ಸಿನಲ್ಲಿ ಹಾಲು ಕಳಿಸುತ್ತಿದ್ದಳು. ಏಪ್ರಿಲ್ ಬಿಸಿಲು ಬೇರೆ, ಮೊದಲ ದಿನದ ಹಾಲು ದಾರಿಯಲ್ಲೇ ಒಡೆದಿತ್ತು. ಮರುದಿನ ಕೆನೆ ತೆಗೆದು, ತೆಳು ಮಾಡಿದ ಹೈಡ್ರೋಕ್ಲೋರಿಕ್ ಆಸಿಡ್ ಹನಿಹನಿಯಾಗಿ ಬಿಟ್ಟೆ. 6.6ರ ಹತ್ತಿರ ಇದ್ದ ಪಿಎಚ್ ಇಳಿಯುತ್ತಾ 4.6ಕ್ಕೆ ಬಂತು, ಬೆಳ್ಳಗೆ ಗಡ್ಡೆಗಡ್ಡೆಯಾಗಿ ಕೂತಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ನನಗೋ ಆಸೆ, ಇನ್ನಷ್ಟು ಹಾಕಿದರೆ ಇನ್ನೂ ಜಾಸ್ತಿ ಬರುತ್ತದೆ ಅಂತ. ಸುರಿದೆ. ಮೀಟರ್ 2 ತೋರಿಸುವ ಹೊತ್ತಿಗೆ ಗಡ್ಡೆಯೆಲ್ಲ ಕರಗಿತ್ತು. ಸೋಸಿದರೆ ಬಟ್ಟೆ ಖಾಲಿ.

ನನ್ನ ತಪ್ಪು ಕೈಯದ್ದಲ್ಲ, ತಲೆಯದ್ದು. ಆಸಿಡ್ ಹಾಕಿದರೆ ಚಾರ್ಜ್ ಸಾಯುತ್ತದೆ ಅಂದುಕೊಂಡಿದ್ದೆ. ಸಾಯುವುದು ಮೈನಸ್ ಮಾತ್ರ. ಹಾಲಿನಲ್ಲಿ ಕೇಸಿನ್‌ನ ಗ್ಲುಟಮೇಟ್, ಆಸ್ಪಾರ್ಟೇಟ್ (ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳು), ಫಾಸ್ಫೇಟ್ ಗುಂಪುಗಳೆಲ್ಲ ಪ್ರೋಟಾನ್ ಬಿಟ್ಟುಕೊಟ್ಟು ಮೈನಸ್ ಆಗಿರುತ್ತವೆ, ಹಾಗಾಗಿ ಕಣಗಳು ಒಂದನ್ನೊಂದು ತಳ್ಳುತ್ತವೆ. ಆಸಿಡ್ ಬಂದಂತೆ ಇವು ಪ್ರೋಟಾನ್ ಹಿಡಿಯುತ್ತವೆ. ಆದರೆ ಲೈಸಿನ್, ಅರ್ಜಿನಿನ್ ಎಂಬ ಅಮೈನೋ ಆಮ್ಲಗಳು ಮೊದಲಿನಿಂದಲೂ ಪ್ರೋಟಾನ್ ಹೊತ್ತುಕೊಂಡು ಪ್ಲಸ್ ಆಗಿಯೇ ಕೂತಿವೆ! ಆಸಿಡ್ ಅವಕ್ಕೆ ಹೊಸದಾಗಿ ಏನೂ ಕೊಡುವುದಿಲ್ಲ. 4.6ರಲ್ಲಿ ಪ್ಲಸ್ಸೂ ಮೈನಸ್ಸೂ ಸರಿಸಮ, ಒಟ್ಟು ಸೊನ್ನೆ. ಚಾರ್ಜ್ ಇಲ್ಲವೇ ಇಲ್ಲ ಅಂತಲ್ಲ, ಎರಡೂ ಅಷ್ಟಷ್ಟೇ ಇವೆ. ತಳ್ಳಾಟ ನಿಂತಿದ್ದಕ್ಕೆ ಒಂದಕ್ಕೊಂದು ಅಂಟಿದವು. ನಾನು ಇನ್ನೂ ಸುರಿದಾಗ ಉಳಿದ ಮೈನಸ್‌ಗಳೂ ಹೋದವು, ಪ್ಲಸ್ ಒಂದೇ ಮೆರೆಯಿತು, ಮತ್ತೆ ತಳ್ಳಾಟ, ಮತ್ತೆ ಕರಗಿತು.

ಗಾಬರಿಯಲ್ಲಿ ಪಿಎಚ್ ಮೇಲೇರಿಸಲು ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಬಿಟ್ಟೆ. ಗಡ್ಡೆ ಮತ್ತೆ ಬಂತು, ಕೈ ನಿಲ್ಲಲಿಲ್ಲ, 8 ದಾಟಿತು, ಮತ್ತೆ ಮಾಯ. ಮೇಡಂ ಬಂದು ನೋಡಿ, "ಏನವ್ವಾ, ಕೇಸಿನ್ ಜೊತೆ ಕಣ್ಣಾಮುಚ್ಚಾಲೆನಾ?" ಅಂದರು.

ಅದಕ್ಕೇ ಹೇಳುತ್ತೇನೆ, ಪಟ್ಟಿಯೋ ಸೂತ್ರವೋ ಎಂಬ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಪಟ್ಟಿಯ ಅಂಕಿಗಳು ಬಿಡಿ ಗುಂಪುಗಳಿಗೆ. ಪ್ರೋಟೀನಿನ ಒಳಗೆ ಅಕ್ಕಪಕ್ಕದವರನ್ನು ನೋಡಿ ಬದಲಾಗುತ್ತವೆ. ಬಿಡಿ ಗ್ಲುಟಮೇಟ್‌ನ ಪಿಕೆಎ 4.2ರ ಸುಮಾರು. ಮೊಟ್ಟೆಯ ಬಿಳಿಯ ಲೈಸೋಜೈಮ್ ಎಂಬ ಪ್ರೋಟೀನಿನಲ್ಲಿ 35ನೇ ಜಾಗದ ಗ್ಲುಟಮೇಟ್‌ನದ್ದು 6ರ ಹತ್ತಿರ. ಬಾಯಿಪಾಠ ಮಾಡಿ ಏನು ಬಂತು?

ಒಂದು ಗೆರೆ ಎಳೆಯಿರಿ, ಎಡಕ್ಕೆ ಆಸಿಡ್. ಪ್ರತಿ ಗುಂಪಿನ ಪಿಕೆಎ ಗುರುತು ಹಾಕಿ. ಪಿಎಚ್ ಸರಿಯಾಗಿ ಆ ಗುರುತಿನಲ್ಲೇ ಇದ್ದರೆ ಅರ್ಧದಷ್ಟು ಅಣುಗಳಲ್ಲಿ ಆ ಗುಂಪು ಪ್ರೋಟಾನ್ ಹಿಡಿದಿದೆ ಎಂದರ್ಥ. ಒಂದು ಅಂಕಿ ಎಡಕ್ಕೆ ಹೋದರೆ ಹಿಡಿದವು ಬಿಟ್ಟವುಗಳ ಹತ್ತರಷ್ಟು. ಸ್ವಿಚ್ ಒತ್ತಿದಂತೆ ಆಗುವುದಲ್ಲ, ನಿಧಾನಕ್ಕೆ ಆಗುವುದು. ಬಾಯಿಪಾಠ ಮಾಡಲೇಬೇಕೆಂದರೆ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದ್ದೊಂದನ್ನು ಮಾಡಿ. ಅದರ ಪಿಕೆಎ 6ರ ಸುತ್ತ ಇರುವುದರಿಂದ ದೇಹದೊಳಗಿನ ಸಣ್ಣ ಪಿಎಚ್ ಬದಲಾವಣೆಗೂ ಅದು ಅಲುಗಾಡುತ್ತದೆ. ಕೆಲಸ ಮಾಡುವ ಸ್ನಾಯುವಿನ ಬಳಿ ಹಿಮೋಗ್ಲೋಬಿನ್ ಸುಲಭವಾಗಿ ಆಕ್ಸಿಜನ್ ಬಿಟ್ಟುಕೊಡುವುದರಲ್ಲಿ ಅದರ ಕೈವಾಡವೂ ಇದೆ.

ನಾಳೆಯೇ ಪರೀಕ್ಷೆ ಇದ್ದರೆ ಮಾತ್ರ ಸುಮ್ನೆ ಪಟ್ಟಿ ಉರು ಹೊಡೆಯಿರಿ.